ಕೈಯಿಂದ ಕಡೆದ ಕೋವಿಗೆ ಬೆಲೆ ಕಟ್ಟುವ ಬಗೆ

ನಳಿಗೆಯ ಬಾಯಿಂದಲೇ ಮದ್ದನ್ನು ಸುರಿದು, ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಸೀಸದ ಗುಂಡನ್ನಿಟ್ಟು, ಗಜದಿಂದ ಅದನ್ನು ಬುಡದವರೆಗೆ ಇಳಿಸಿ ಹಾರಿಸುವ ಹಳೆಯ ಬಗೆಯ ಕೋವಿಯನ್ನು ಇಂದಿಗೂ ಅಮೆರಿಕದ ಪೆನ್ಸಿಲ್ವೇನಿಯ, ಕೆಂಟಕಿ, ಟೆನೆಸಿ ಮೊದಲಾದ ರಾಜ್ಯಗಳಲ್ಲಿ ಒಬ್ಬಂಟಿ ಕುಶಲಕರ್ಮಿಗಳು ತಮ್ಮ ಮನೆಯ ಮಗ್ಗುಲಿನ ಕಾರ್ಯಾಗಾರಗಳಲ್ಲಿ ಉಳಿ, ಅರ, ಕೀಸುಳಿಗಳನ್ನು ಹಿಡಿದು ನಿರ್ಮಿಸುತ್ತಿದ್ದಾರೆಂದರೆ, ಮತ್ತು ಅಂಥ ಒಂದು ಕೋವಿಗಾಗಿ ಕೊಳ್ಳುವವರು ವರ್ಷಗಟ್ಟಲೆ ಕಾದಿರುವುದುಂಟೆಂದರೆ, ನಮ್ಮ ಓದುಗರಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಮಲೆನಾಡಿನವರಿಗೂ ಕೊಡಗಿನವರಿಗೂ ಕೇಪಿನ ಕೋವಿಯು ಅಪರಿಚಿತ ವಸ್ತುವಲ್ಲ. ಕೈಲ್ ಮುಹೂರ್ತದ ದಿನ ನಳಿಗೆಯ ತುದಿಗೆ ತೋಕ್ ಪೂವನ್ನು ಸಿಕ್ಕಿಸಿ ಅದಕ್ಕೆ ಪೂಜೆ ಸಲ್ಲಿಸುವ ಮನೆತನಗಳಲ್ಲಿ ಕೋವಿಯು ವಂಶಪಾರಂಪರ್ಯವಾಗಿ ಬಂದ ಸೊತ್ತು. ಅದಕ್ಕೆ ಬೆಲೆ ಕೇಳುವ ಪ್ರಸಂಗವೇ ಬರುವುದಿಲ್ಲ. ಆದರೆ ಕೋವಿಯನ್ನು ಮಾಡಿ ಮಾರಿಯೇ ಬದುಕಬೇಕಾದವನು ಬೆಲೆಯನ್ನು ಕುರಿತು ಯೋಚಿಸದೆ ಇರುವಂತಿಲ್ಲ. ಯಾರಿಗೂ ಅನಿವಾರ್ಯವಲ್ಲದ, ಕಾರ್ಖಾನೆಯ ಸರಕಿನೊಡನೆ ಅಗ್ಗದಲ್ಲಿ ಸ್ಪರ್ಧಿಸಲಾರದ, ಆದರೂ ಬಲ್ಲವರ ಕಣ್ಣಿಗೆ ಅಮೂಲ್ಯವೆನಿಸುವ ಈ ವಸ್ತುವಿಗೆ ಅವನು ಎಷ್ಟು ಹಣವನ್ನು ಕೇಳತಕ್ಕದ್ದು, ಕೇಳುವ ಆ ಮೊತ್ತವನ್ನು ಯಾವ ನ್ಯಾಯದಿಂದ ಸಮರ್ಥಿಸತಕ್ಕದ್ದು ಎಂಬ ಪ್ರಶ್ನೆಯು ಹಸ್ತಕೌಶಲದಿಂದ ಜೀವಿಸುವ ಸರ್ವರಿಗೂ ಸಂಬಂಧಿಸಿದುದಾಗಿದೆ.

ಈ ಕೋವಿಯ ಕುಲಮೂಲವನ್ನು ಮೊದಲು ಸಂಕ್ಷೇಪವಾಗಿ ತಿಳಿಯುವುದು ಉಚಿತ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಮತ್ತು ಸ್ವಿಸ್ ಸೀಮೆಗಳಿಂದ ಪೆನ್ಸಿಲ್ವೇನಿಯಕ್ಕೆ ವಲಸೆ ಬಂದ ಕಮ್ಮಾರರು ತಮ್ಮೊಡನೆ ಯೇಗರ್ ಎಂಬ ಗಿಡ್ಡ ನಳಿಗೆಯ, ದಪ್ಪ ಗುಂಡಿನ ಬೇಟೆಕೋವಿಯ ವಿದ್ಯೆಯನ್ನು ತಂದರು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ತೋಡುಗಳನ್ನು ಕೊರೆದು ಗುಂಡನ್ನು ತಿರುಗಿಸುತ್ತ ಹಾರಿಸಿದರೆ ಗುರಿಯು ನಿಖರವಾಗುತ್ತದೆಂಬ ತತ್ತ್ವವೇ ಆ ವಿದ್ಯೆಯ ಹೃದಯ. ಹೊಸ ನಾಡಿನ ದಟ್ಟಡವಿಯಲ್ಲಿ ಸೀಸಮದ್ದುಗಳನ್ನು ಮಿತವಾಗಿ ಬಳಸಬೇಕಾದ ಅವಶ್ಯಕತೆಯಿಂದ ಗುಂಡು ಸಣ್ಣದಾಯಿತು, ನಳಿಗೆಯು ಮೂರೂವರೆ ಅಡಿಗೂ ಮಿಕ್ಕಿ ನೀಳವಾಯಿತು, ಹಿಡಿಗೆ ಆ ನಾಡಿನದೇ ಆದ ಪಟ್ಟೆಪಟ್ಟೆಯ ಮೇಪಲ್ ಮರವು ಬಂದಿತು. ಲ್ಯಾಂಕಾಸ್ಟರ್ ಪಟ್ಟಣವು ಈ ಉದ್ಯೋಗದ ಕೇಂದ್ರವಾಗಿ ಬೆಳೆದು, ಜೇಕಬ್ ಡಿಕರ್ಟ್, ವಿಲಿಯಂ ಹೆನ್ರಿ ಮುಂತಾದವರ ಹೆಸರುಗಳು ನಳಿಗೆಗಳ ಮೇಲೆ ಕೆತ್ತಲ್ಪಟ್ಟು ದೂರದೂರದವರೆಗೆ ಹೋದವು. ಅಂದಿನ ಕೋವಿಗಾರನೂ ಎಲ್ಲವನ್ನೂ ತಾನೇ ಮಾಡುತ್ತಿದ್ದನೆಂದು ಭಾವಿಸಬಾರದು. ಕಿಡಿ ಹಾರಿಸಿ ಮದ್ದನ್ನು ಹೊತ್ತಿಸುವ ಚಕಮಕಿಯ ಯಂತ್ರವನ್ನು ಅನೇಕ ವೇಳೆ ಇಂಗ್ಲೆಂಡಿನಿಂದ ತರಿಸಿಯೇ ಜೋಡಿಸುತ್ತಿದ್ದನು. ಅವನ ದಿನಗಳ ಬಹುಭಾಗವು ಹಳೆಯ ಕೋವಿಗಳ ದುರಸ್ತಿಯಲ್ಲಿಯೇ ಕಳೆಯುತ್ತಿದ್ದಿತು. ಪ್ರತಿಫಲವು ನಾಣ್ಯದಲ್ಲಿ ಬರುವಷ್ಟೇ ಧಾನ್ಯದಲ್ಲಿಯೂ ತೊಗಲಿನಲ್ಲಿಯೂ ಬರುತ್ತಿದ್ದಿತು.

ಕಾರ್ಖಾನೆಯ ಅಗ್ಗದ ಸರಕಿನ ಭಯವು ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. 1830ರ ದಶಕದಲ್ಲಿಯೇ ಅದೇ ಲ್ಯಾಂಕಾಸ್ಟರಿನಲ್ಲಿ ಹೆನ್ರಿ ಲೀಮನ್ ಎಂಬಾತನು ಅಗ್ಗದ ವ್ಯಾಪಾರದ ಕೋವಿಗಳನ್ನು ಸಗಟಾಗಿ ತಯಾರಿಸತೊಡಗಿದ್ದನು. ಆ ಹೊತ್ತಿಗೆ ಸೇಂಟ್ ಲೂಯಿಸ್ ನಗರದಲ್ಲಿ ಜೇಕಬ್ ಮತ್ತು ಸ್ಯಾಮ್ಯುಅಲ್ ಹಾಕೆನ್ ಸೋದರರು ಅಲಂಕಾರವೊಂದನ್ನೂ ಬಯಸದ, ಬೆಟ್ಟಗಾಡಿನ ಬೇಟೆಗಾರರಿಗೆ ಬೇಕಾದ ಗಟ್ಟಿಮುಟ್ಟಾದ ಕೋವಿಗಳಿಂದಲೇ ಕೀರ್ತಿಯನ್ನು ಗಳಿಸಿದರು. ಬಳಿಕ ತೋಟಾಕೋವಿಯೂ ಯಂತ್ರದ ತಯಾರಿಕೆಯೂ ಒಟ್ಟಿಗೆ ಬಂದು ಬಾಯಿಮದ್ದಿನ ಕೋವಿಯನ್ನು ಮೂಲೆಗೆ ತಳ್ಳಿದವು. ಅಪಲಾಚಿಯನ್ ಬೆಟ್ಟಗಳ ನಡುವೆ ಟೆನೆಸಿಯ ಹ್ಯಾಕರ್ ಮಾರ್ಟಿನ್‌ನಂಥ ಕೆಲವೇ ಮಂದಿ ಇಪ್ಪತ್ತನೆಯ ಶತಮಾನದಲ್ಲಿಯೂ ಆ ವಿದ್ಯೆಯನ್ನು ಬಿಡದೆ ಹಿಡಿದಿದ್ದರು. 1933ರಲ್ಲಿ ಬಾಯಿಮದ್ದಿನ ಕೋವಿಗಳ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಪೆನ್ಸಿಲ್ವೇನಿಯದ ಯಾರ್ಕ್ ಪಟ್ಟಣದ ಪುರಾತನ ವಸ್ತುಗಳ ವ್ಯಾಪಾರಿಯಾಗಿದ್ದ ಜೋ ಕಿಂಡಿಗ್ 1960ರಲ್ಲಿ ಪ್ರಕಟಿಸಿದ ಬೃಹದ್‌ಗ್ರಂಥವು, ಅದುವರೆಗೆ ಬೇಟೆಯ ಉಪಕರಣವೆಂದು ಕಾಣುತ್ತಿದ್ದ ಈ ಕೋವಿಯನ್ನು ಕಲಾವಸ್ತುವಾಗಿ ನೋಡುವ ದೃಷ್ಟಿಯನ್ನು ಕಲಿಸಿತು. 1969ರಲ್ಲಿ ವರ್ಜೀನಿಯದ ಕೊಲೋನಿಯಲ್ ವಿಲಿಯಮ್ಸ್‌ಬರ್ಗ್ ಸಂಸ್ಥೆಯು ತಯಾರಿಸಿದ ಚಲನಚಿತ್ರದಲ್ಲಿ ವಾಲೆಸ್ ಗಸ್ಲರ್ ಎಂಬ ಕೋವಿಗಾರನು ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಸುತ್ತಿ ಬೆಸೆದು ನಳಿಗೆ ಮಾಡುವುದರಿಂದ ಮೊದಲ್ಗೊಂಡು ಸಮಗ್ರ ಕೋವಿಯನ್ನು ಹದಿನೆಂಟನೆಯ ಶತಮಾನದ ಸಾಧನಗಳಿಂದಲೇ ನಿರ್ಮಿಸುವುದನ್ನು ಕಂಡಮೇಲೆ, ಸತ್ತುಹೋಗಿದ್ದಿತೆಂದು ತಿಳಿದಿದ್ದ ವಿದ್ಯೆಯನ್ನು ಕೈಗೆತ್ತಿಕೊಳ್ಳುವ ಉತ್ಸಾಹವು ಅನೇಕ ತರುಣರಲ್ಲಿ ಹುಟ್ಟಿತು. ಈಗ ನಾವು ಮಾತನಾಡುತ್ತಿರುವ ಮಾರುಕಟ್ಟೆಯು ಆ ಉತ್ಸಾಹದ ಸಂತಾನ.

ಬೆಲೆಯ ವಿಚಾರಕ್ಕೆ ಬರುವ ಮುನ್ನ ಕೆಲಸವೆಂಬುದು ಏನೆಂದು ಅರಿಯಬೇಕು. ಅದನ್ನರಿಯದವನಿಗೆ ಯಾವ ಬೆಲೆಯೂ ದುಬಾರಿಯಾಗಿಯೇ ತೋರುತ್ತದೆ. ಇಂದಿನ ಬಹುಪಾಲು ಕೋವಿಗಾರರು ನಳಿಗೆಯನ್ನೂ ಚಕಮಕಿಯ ಯಂತ್ರವನ್ನೂ ಆಯಾ ಕೆಲಸದಲ್ಲಿ ನಿಷ್ಣಾತರಾದವರಿಂದ ಕೊಳ್ಳುತ್ತಾರೆ. ಒಳ್ಳೆಯ ನಳಿಗೆಯು ನೇರವಾದ ಕೊಳವೆಯಂತಿರದೆ ಬುಡದಲ್ಲಿ ದಪ್ಪನಾಗಿ, ನಡುವಿನಲ್ಲಿ ಕೃಶವಾಗಿ, ಬಾಯಿಯ ಬಳಿ ಮತ್ತೆ ಕೊಂಚ ಅಗಲವಾಗಿರುತ್ತದೆ. ಅಷ್ಟು ನೀಳವಾದ ಕೋವಿಯು ಭುಜಕ್ಕೇರಿದಾಗ ಕೈಯಲ್ಲಿ ಸಮತೂಕದಿಂದ ನಿಲ್ಲುವುದು ಈ ವಿನ್ಯಾಸದಿಂದಲೇ. ಆ ಅಷ್ಟಕೋನದ, ಎಲ್ಲಿಯೂ ಒಂದೇ ಅಳತೆಯಿಲ್ಲದ ಲೋಹವನ್ನು ಮರದೊಳಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸುವುದಕ್ಕೆ, ನಳಿಗೆಗೆ ಮಸಿಯನ್ನು ಸವರಿ, ಮರದ ತೊಟ್ಟಿಯಲ್ಲಿಟ್ಟು, ಮಸಿ ಹತ್ತಿದೆಡೆಯಲ್ಲಿ ಮಾತ್ರ ಉಳಿಯಿಂದ ಹೆರೆದು, ಮತ್ತೆ ಇಟ್ಟು, ಮತ್ತೆ ಹೆರೆದು, ಹೀಗೆ ದಿನಗಟ್ಟಲೆ ಮಾಡಬೇಕಾಗುತ್ತದೆ. ಅನಂತರ ಗಜವನ್ನಿಡುವ ರಂಧ್ರವನ್ನು ನಳಿಗೆಯ ಕೆಳಗೆ, ಅದಕ್ಕೆ ತಾಗದಂತೆಯೂ ಮರದ ಹೊರಮೈಗೆ ಒಡೆದು ಬಾರದಂತೆಯೂ ಉದ್ದವಾದ ಬೈರಿಗೆಯಿಂದ ಕೊರೆಯಬೇಕು. ಬೈರಿಗೆಯು ದಾರಿ ತಪ್ಪಿತೆಂದರೆ ಅದುವರೆಗಿನ ಶ್ರಮವೂ ಮರವೂ ವ್ಯರ್ಥ. ಚಕಮಕಿಯ ಯಂತ್ರವನ್ನು ಕೂರಿಸುವಾಗ ನಳಿಗೆಯ ಬುಡದ ಕಿವಿಯ ರಂಧ್ರವು ಮದ್ದಿನ ಬಟ್ಟಲಿಗೆ ಸರಿಯಾಗಿ ಎದುರಾಗಬೇಕು. ಚಕಮಕಿ ಕಲ್ಲನ್ನು ಹಿಡಿದ ಕುದುರೆಯು ಬಿದ್ದ ಕ್ಷಣಕ್ಕೂ ಗುಂಡು ಹಾರುವ ಕ್ಷಣಕ್ಕೂ ನಡುವಣ ಅಂತರವು ಕೇಳಿಸದಂತಾಗುವುದು ಇಂಥ ಸೂಕ್ಷ್ಮಗಳಿಂದ. ಹಿಡಿಯ ಹಿಂಬದಿಯ ಹಿತ್ತಾಳೆಯ ತಗಡು, ಬೆರಳಿನ ಕಾಪು, ಬಲಮಗ್ಗುಲಲ್ಲಿ ಬಟ್ಟೆಯ ಚೂರುಗಳನ್ನಿಡುವ ಮುಚ್ಚಳದ ಪೆಟ್ಟಿಗೆ, ಇವೆಲ್ಲವನ್ನೂ ಅರದಿಂದ ಉಜ್ಜಿ ರೂಪಕ್ಕೆ ತಂದು ಕೂರಿಸಬೇಕು. ಎಲೆಬಳ್ಳಿಗಳ ಉಬ್ಬುಕೆತ್ತನೆಯನ್ನು ಮರದಲ್ಲಿಯೂ ಗೀರುಕೆತ್ತನೆಯನ್ನು ಲೋಹದಲ್ಲಿಯೂ ಮಾಡಬೇಕು. ಕಬ್ಬಿಣವನ್ನು ಕರಗಿಸಿದ ನೈಟ್ರಿಕ್ ಆಮ್ಲವನ್ನು ಮೇಪಲ್ಲಿಗೆ ಸವರಿ ಬಿಸಿಯನ್ನು ತೋರಿಸಿದಾಗ ಮರದ ಪಟ್ಟೆಗಳು ಹುಲಿಯ ಮೈಯಂತೆ ಕೆಂಗಂದಾಗಿ ಎದ್ದು ಬರುತ್ತವೆ. ಆ ಮೇಲೆ ಅಗಸೆಯೆಣ್ಣೆಯ ಲೇಪ. ಸಾದಾ ಕೋವಿಯೊಂದಕ್ಕೆ ನೂರು ಗಂಟೆಗಳಿಗಿಂತ ಹೆಚ್ಚು, ಕೆತ್ತನೆಯುಳ್ಳದ್ದಕ್ಕೆ ಇನ್ನೂರು ಮುನ್ನೂರು ಗಂಟೆಗಳು ಸಲ್ಲುವುದು ಈ ವೃತ್ತಿಯಲ್ಲಿ ಸಾಮಾನ್ಯ.

ಈಗ ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ನಳಿಗೆ, ಯಂತ್ರ, ಮರ, ಹಿತ್ತಾಳೆ ಎಲ್ಲವೂ ಸೇರಿ 1,000 ಡಾಲರುಗಳಾದುವೆಂದೂ, ಕೆಲಸಕ್ಕೆ 200 ಗಂಟೆಗಳು ಹಿಡಿದುವೆಂದೂ, ಕೋವಿಯು 4,000 ಡಾಲರುಗಳಿಗೆ ಮಾರಿತೆಂದೂ ಇಟ್ಟುಕೊಳ್ಳಿ. ಕೇಳಿದವನಿಗೆ ಅದು ದೊಡ್ಡ ಮೊತ್ತ. ಆದರೆ ಗಂಟೆಗೆ ಉಳಿದುದು 15 ಡಾಲರು. ವ್ಯಾಪಾರಿಯ ಮೂಲಕ ಮಾರಿಸಿ ಅವನಿಗೆ ಐದರಲ್ಲೊಂದು ಪಾಲನ್ನು ಕೊಟ್ಟರೆ ಆ ಹದಿನೈದು ಹನ್ನೊಂದಾಗುತ್ತದೆ. ಕಾರ್ಯಾಗಾರದ ವಿದ್ಯುತ್ತು, ಮೊಂಡಾದ ಉಳಿಗಳು, ಅಪಘಾತದ ಹೊಣೆಗಾಗಿ ಮಾಡಿಸಿದ ವಿಮೆ, ಮೇಳಕ್ಕೆ ಹೋಗಿ ಬಂದ ಪ್ರಯಾಣ, ಇವುಗಳಿಗಾಗಿ ಒಂದು ಕೋವಿಯ ಮೇಲೆ 400 ಡಾಲರುಗಳನ್ನು ಹಾಕಿದರೆ ಹನ್ನೊಂದು ಒಂಬತ್ತಾಗುತ್ತದೆ. ಸ್ವಂತ ಉದ್ಯೋಗಸ್ಥನು ತನ್ನ ನಿವ್ವಳ ಆದಾಯದ ಬಹುಭಾಗದ ಮೇಲೆ ಶೇಕಡಾ 15.3ರ ದರದಲ್ಲಿ ತೆರಬೇಕಾದ ತೆರಿಗೆಯನ್ನು ಕಳೆದರೆ ಏಳೂಮುಕ್ಕಾಲು ಡಾಲರಿನ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಅಮೆರಿಕದ ಕೇಂದ್ರ ಸರಕಾರವು ಗೊತ್ತುಮಾಡಿದ ಕನಿಷ್ಠ ಕೂಲಿಯು 2009ರಿಂದಲೂ ಗಂಟೆಗೆ 7.25 ಡಾಲರು. ಇಪ್ಪತ್ತು ವರ್ಷಗಳ ಅಭ್ಯಾಸದಿಂದ ಪಳಗಿದ ಕೈಗೆ, ಯಾವ ವಿದ್ಯೆಯನ್ನೂ ಕಲಿಯದೆ ಮೊದಲ ದಿನ ಕೆಲಸಕ್ಕೆ ಬಂದವನ ಕೂಲಿಗಿಂತ ಅರ್ಧ ಡಾಲರು ಹೆಚ್ಚು!

ಈ ಲೆಕ್ಕವನ್ನು ಮಾಡಲು ಅನೇಕ ಕುಶಲಕರ್ಮಿಗಳು ಒಪ್ಪುವುದಿಲ್ಲವೆಂಬುದೇ ನನಗೆ ಅತ್ಯಂತ ಶೋಚನೀಯವಾಗಿ ಕಾಣುತ್ತದೆ. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಗಂಟೆ ಎಣಿಸುವುದು ಸಣ್ಣತನವೆಂದು ಕೆಲವರ ಭಾವನೆ. ಎಣಿಸಿದರೆ ಕೈಬಿಡಬೇಕಾದೀತೆಂಬ ಅಳುಕು ಕೆಲವರಿಗೆ. ಬೇರೆ ಉದ್ಯೋಗದ ಸಂಬಳವೋ ನಿವೃತ್ತಿವೇತನವೋ ಇರುವವನು ತನ್ನ ಬಿಡುವಿನ ಸಂತೋಷಕ್ಕಾಗಿ ಕೋವಿಯನ್ನು ಮಾಡಿ, ಸಾಮಗ್ರಿಯ ಬೆಲೆ ಬಂದರೆ ಸಾಕೆಂದು ಮಾರಿಬಿಡುತ್ತಾನೆ. ಅವನಿಗೆ ಅದರಿಂದ ನಷ್ಟವಿಲ್ಲ; ಆದರೆ ಅದೇ ಮೇಳದ ಅದೇ ಸಾಲಿನಲ್ಲಿ ಕುಳಿತು, ಮನೆಯ ಬಾಡಿಗೆಯನ್ನು ಇದರಿಂದಲೇ ತೆರಬೇಕಾದವನ ಬೆಲೆಯು ಆ ಕಾರಣದಿಂದ ಅನ್ಯಾಯದ ಬೆಲೆಯಂತೆ ತೋರುತ್ತದೆ. ಹವ್ಯಾಸಿಯು ಕಡಿಮೆಗೆ ಮಾರಬಾರದೆಂದು ಕಟ್ಟಳೆ ಮಾಡಲು ಯಾರಿಂದಲೂ ಆಗದು. ಆದರೂ ಅವನು ತನ್ನ ಗಂಟೆಗಳನ್ನು ಬರೆದಿಟ್ಟು, ಕೊಳ್ಳುವವನಿಗೆ ಇಷ್ಟು ಹೊತ್ತು ಇದರಲ್ಲಿ ಹೋಗಿದೆಯೆಂದು ಬಾಯಿಬಿಟ್ಟು ಹೇಳಿದರೆ, ಕಡಿಮೆಗೆ ಕೊಟ್ಟುದು ತನ್ನ ಔದಾರ್ಯದಿಂದಲೇ ಹೊರತು ವಸ್ತುವಿನ ಅಗ್ಗದಿಂದಲ್ಲವೆಂದು ಮಾರುಕಟ್ಟೆಗೆ ತಿಳಿಯುತ್ತದೆ. ಸಹೋದ್ಯೋಗಿಗೆ ಅಷ್ಟು ಉಪಕಾರವನ್ನು ಮಾಡುವುದು ಅವನ ಧರ್ಮವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಗಂಟೆಗಳನ್ನು ಕೂಲಿಯಿಂದ ಗುಣಿಸಿದ ಮಾತ್ರಕ್ಕೆ ಬೆಲೆ ಸಿದ್ಧವಾಗುವುದೂ ಇಲ್ಲ. ಹೊಸಬನು ಮುನ್ನೂರು ಗಂಟೆಗಳಲ್ಲಿ ಮಾಡಿದುದನ್ನು ಪ್ರವೀಣನು ನೂರೈವತ್ತು ಗಂಟೆಗಳಲ್ಲಿ ಮಾಡುತ್ತಾನೆ, ಮತ್ತು ಮೇಲಾಗಿ ಮಾಡುತ್ತಾನೆ; ನಿಧಾನಕ್ಕೆ ಹೆಚ್ಚು ಹಣ ತೆರುವವರಾರು? ಬಲ್ಲ ಗ್ರಾಹಕನು ಮೊದಲು ನೋಡುವುದು ಕೆತ್ತನೆಯನ್ನಲ್ಲ, ಒಟ್ಟಂದವನ್ನು. ಹೊಸಬನ ಕೋವಿಯು ಸಾಮಾನ್ಯವಾಗಿ ದಪ್ಪ: ಎಲ್ಲಿ ಕಡಿಯಬೇಕೆಂಬ ಧೈರ್ಯ ಸಾಲದೆ ಅವನು ಮರವನ್ನು ಉಳಿಸಿರುತ್ತಾನೆ, ಯಂತ್ರದ ಸುತ್ತಲೂ ನಳಿಗೆಯ ಎರಡು ಬದಿಗೂ ಮರವು ಉಬ್ಬಿಕೊಂಡಿರುತ್ತದೆ. ಹದಿನೆಂಟನೆಯ ಶತಮಾನದ ಒಳ್ಳೆಯ ಕೋವಿಯಲ್ಲಿ ನಳಿಗೆಯ ಪಕ್ಕದ ಮರವು ತೊಗಲಿನಷ್ಟು ತೆಳುವಾಗಿ ಹಬ್ಬಿಕೊಂಡಿರುತ್ತದೆ. ತೆಗೆದುಹಾಕಿದ ಮರಕ್ಕೆ ಇಲ್ಲಿ ಬೆಲೆ; ಒಂದು ಅರದ ಎಳೆತ ಹೆಚ್ಚಾದರೆ ಎಲ್ಲವೂ ಕೆಡುವ ಅಂಚಿನವರೆಗೆ ಹೋಗಿ ನಿಲ್ಲುವ ಕೈಯ ಸಂಯಮಕ್ಕೆ ಬೆಲೆ. ಲ್ಯಾಂಕಾಸ್ಟರ್ ಸಂಪ್ರದಾಯದ ಹಿಡಿಯ ನೇರ ಕೆಳಗೆರೆಗೂ ಪೆನ್ಸಿಲ್ವೇನಿಯದ ಲೀಹೈ ಕಣಿವೆಯ ಹಿಡಿಯ ಬಾಗಿದ ಬೆನ್ನಿಗೂ ಇರುವ ಭೇದವನ್ನು ಅರಿತು, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸದಿರುವ ವಿದ್ವತ್ತಿಗೂ ಬೆಲೆಯುಂಟು. ಇಂಥ ಮೂಲಭೂತವಾದ ಗೆರೆಗಳು ಕೆಟ್ಟ ಕೋವಿಯ ಮೇಲೆ ಬೆಳ್ಳಿಯ ತಂತಿಯನ್ನು ಎಷ್ಟು ಹೂಡಿದರೂ ಬಲ್ಲವನು ಒಂದು ಡಾಲರನ್ನೂ ಹೆಚ್ಚಾಗಿ ಕೊಡುವುದಿಲ್ಲ. ಆದುದರಿಂದ ತರುಣ ಕೋವಿಗಾರನಿಗೆ ಹಿರಿಯರು ಸಾಧಾರಣವಾಗಿ ಹೇಳುವ ಬುದ್ಧಿಯೆಂದರೆ, ಅಲಂಕಾರವನ್ನು ಕಡಿಮೆ ಮಾಡಿ, ಸಾದಾ ಕೋವಿಯನ್ನು ನಿರ್ದುಷ್ಟವಾಗಿ ಮಾಡಿ ಮಾರೆಂಬುದು. ಗಂಟೆಗಳ ದೃಷ್ಟಿಯಿಂದಲೂ ಅದೇ ಲಾಭದಾಯಕ.

ಕಣ್ಣನ್ನು ಪಳಗಿಸುವ ಇಂಥ ವಿಮರ್ಶೆಗೆ ಒಳ್ಳೆಯ ವೇದಿಕೆಗಳೂ ಇದ್ದುವು. ಪೆನ್ಸಿಲ್ವೇನಿಯದ ಕೆಂಪ್ಟನ್ನಿನಲ್ಲಿ ದಶಕಗಳ ಕಾಲ ಜುಲೈ ತಿಂಗಳಲ್ಲಿ ನಡೆಯುತ್ತಿದ್ದ ಡಿಕ್ಸನ್ ಕೋವಿಗಾರರ ಮೇಳದಲ್ಲಿ, ಕಲಿಯುವವರು, ಪಳಗಿದವರು, ಪ್ರವೀಣರು ಎಂದು ವರ್ಗಗಳನ್ನು ಮಾಡಿ, ತಂದ ಕೋವಿಗಳನ್ನು ಹಿರಿಯ ಕೋವಿಗಾರರು ಪರೀಕ್ಷಿಸಿ ಗುಣದೋಷಗಳನ್ನು ತಿಳಿಸುತ್ತಿದ್ದರು. ಕೊಳ್ಳುವವನ ಮೆಚ್ಚುಗೆಗಿಂತ ಸಮಾನಸ್ಕಂಧರ ಈ ನಿಷ್ಠುರವಾದ ಓದು ಬೆಲೆಗೆ ಭದ್ರವಾದ ತಳಹದಿಯಾಗುತ್ತಿದ್ದಿತು. ಅನಂತರದ ಪರೀಕ್ಷೆಯು ಕಾಲದ್ದು. ಒಬ್ಬನ ಕೋವಿಯು ಎರಡನೆಯ ಕೈಗೆ ಮಾರಾಟವಾಗುವಾಗ ಮೊದಲ ಬೆಲೆಗಿಂತ ಮೇಲೇರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಸಂಗ್ರಾಹಕರು ಗಮನಿಸುತ್ತಿರುತ್ತಾರೆ. ಇಳಿದರೆ ಹೊಸ ಕೋವಿಗೂ ಅಷ್ಟು ಕೊಡಲು ಯಾರೂ ಮುಂದಾಗರು. ಆದಕಾರಣ ನಳಿಗೆಯ ಮೇಲ್ಮೈಯಲ್ಲಿ ತನ್ನ ಹೆಸರನ್ನು ಕೆತ್ತಿದ ಕ್ಷಣದಿಂದ ಕೋವಿಗಾರನು ತಾನು ಕಾಣದ ಮಾರಾಟಗಳಿಗೂ ಬದ್ಧನಾಗುತ್ತಾನೆ.

ಮಾರುವ ಬಗೆಗಳು ಮುಖ್ಯವಾಗಿ ಎರಡು: ಕೇಳಿದವನ ಇಚ್ಛೆಯಂತೆ ಮಾಡಿಕೊಡುವುದು, ಮತ್ತು ತನ್ನ ಇಚ್ಛೆಯಂತೆ ಮಾಡಿ ಬಳಿಕ ಗಿರಾಕಿಯನ್ನು ಹುಡುಕುವುದು. ಮೊದಲನೆಯದು ಸುರಕ್ಷಿತವೆಂದು ತೋರಿದರೂ ಅದರಲ್ಲಿ ಆಳವಾದ ಅಪಾಯವೊಂದು ಅಡಗಿದೆ. ಹೆಸರು ಬೆಳೆದಂತೆ ಬೇಡಿಕೆಗಳು ಮೂರು ನಾಲ್ಕು ವರ್ಷಗಳಿಗಾಗುವಷ್ಟು ಸೇರುತ್ತವೆ. ಇಂದಿನ ಬೆಲೆಗೆ ಮಾತು ಕೊಟ್ಟ ಕೋವಿಯನ್ನು ನಾಲ್ಕು ವರ್ಷಗಳ ಮೇಲೆ ಮಾಡುವಾಗ ಮರದ, ನಳಿಗೆಯ ಬೆಲೆಗಳು ಏರಿರುತ್ತವೆ, ತನ್ನ ಕೈಯ ಯೋಗ್ಯತೆಯೂ ಏರಿರುತ್ತದೆ. ಆದರೂ ಮಾತು ಮಾತೇ. ಮುಂಗಡವನ್ನು ತೆಗೆದುಕೊಂಡಿದ್ದರಂತೂ ಕಷ್ಟವು ಇಮ್ಮಡಿ: ಬಂದ ಹಣವು ಮನೆಯ ಖರ್ಚಿನಲ್ಲಿ ಕರಗಿ, ಮುಂದಿನ ಗಿರಾಕಿಯ ಮುಂಗಡದಿಂದ ಹಿಂದಿನ ಗಿರಾಕಿಯ ಮರವನ್ನು ಕೊಳ್ಳುವ ಸ್ಥಿತಿಯು ಬಂದಿತೆಂದರೆ, ಪ್ರತಿದಿನವೂ ಬೆಂಚಿನ ಬಳಿಗೆ ಬರುವುದು ಸಾಲ ತೀರಿಸುವುದಕ್ಕೆ ಬಂದಂತಾಗಿ, ಕೆಲಸದಲ್ಲಿ ಜೀವವೇ ಇರುವುದಿಲ್ಲ. ಆದುದರಿಂದಲೇ ಅನುಭವಸ್ಥರಲ್ಲಿ ಕೆಲವರು ಮುಂಗಡವನ್ನೇ ಮುಟ್ಟುವುದಿಲ್ಲ. ಹೆಸರನ್ನು ಮಾತ್ರ ಬರೆದುಕೊಂಡು, ಸರದಿ ಬಂದಾಗ ಅಂದಿನ ಬೆಲೆಯನ್ನು ಹೇಳುತ್ತಾರೆ. ಒಪ್ಪದಿದ್ದರೆ ಮುಂದಿನವನನ್ನು ಕೇಳುತ್ತಾರೆ. ಬೇರೆ ಕೆಲವರು ಸಾಮಗ್ರಿಯ ವೆಚ್ಚದಷ್ಟನ್ನು ಮಾತ್ರ, ಅದೂ ಕೆಲಸವನ್ನು ಆರಂಭಿಸುವ ದಿನ, ತೆಗೆದುಕೊಳ್ಳುತ್ತಾರೆ. ಈ ಎರಡೂ ಪದ್ಧತಿಗಳು ಉಭಯರಿಗೂ ಗೌರವಕರವಾದುವು.

ತನ್ನ ಇಚ್ಛೆಯಂತೆ ಮಾಡಿ ಮಾರುವವನಿಗೆ ಹಸಿವಿನ ಭಯವುಂಟು, ಆದರೆ ಸ್ವಾತಂತ್ರ್ಯವೂ ಉಂಟು. ಸಿದ್ಧವಾದ ಕೋವಿಯನ್ನು ಕೈಯಲ್ಲಿ ಹಿಡಿದು ಭುಜಕ್ಕೇರಿಸಿ ನೋಡಿದವನೊಡನೆ ಬೆಲೆಯ ಚರ್ಚೆಯು ಸುಲಭ. ಕಾಣದ ಕೋವಿಯನ್ನು ಕುರಿತು ವಿವರಿಸುವ ತೊಂದರೆಯಿಲ್ಲ. ಇಂಡಿಯಾನದ ಫ್ರೆಂಡ್‌ಶಿಪ್ ಎಂಬ ಹಳ್ಳಿಯಲ್ಲಿ ರಾಷ್ಟ್ರೀಯ ಸಂಘದ ಗುರಿಸ್ಪರ್ಧೆಗಳು ನಡೆಯುವಾಗ ಸೇರುವ ಸಂತೆಯೂ, 1996ರಲ್ಲಿ ಸ್ಥಾಪಿತವಾದ ಸಮಕಾಲೀನ ನೀಳಕೋವಿಗಳ ಸಂಘವು ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಪ್ರತಿವರ್ಷ ನಡೆಸುತ್ತ ಬಂದ ಪ್ರದರ್ಶನವೂ ಇಂಥ ಭೇಟಿಗಳಿಗೆ ಪ್ರಸಿದ್ಧವಾದುವು. ಮೊದಲನೆಯ ಸ್ಥಳಕ್ಕೆ ಬರುವವನು ಗುರಿಯಿಡುವವನು, ಬೇಟೆಯಾಡುವವನು. ಎರಡನೆಯದಕ್ಕೆ ಬರುವವನು ಹೆಚ್ಚಾಗಿ ಸಂಗ್ರಾಹಕನು. ಒಂದೇ ಕೋವಿಯನ್ನು ಈ ಇಬ್ಬರಿಗೂ ತೋರಿಸಿದರೆ ಇಬ್ಬರೂ ಬೇರೆ ಬೇರೆ ಕಾರಣಗಳಿಗಾಗಿ ಬೇರೆ ಬೇರೆ ಬೆಲೆಗಳನ್ನು ಮನಸ್ಸಿನಲ್ಲಿ ಕಟ್ಟುತ್ತಾರೆ. ಪೆನ್ಸಿಲ್ವೇನಿಯದಲ್ಲಿ 1974ರಿಂದ ಕ್ರಿಸ್ಮಸ್ಸಿನ ತರುವಾಯ ಚಕಮಕಿ ಕೋವಿಯಿಂದಲೇ ಜಿಂಕೆಯನ್ನು ಬೇಟೆಯಾಡುವ ಪ್ರತ್ಯೇಕ ಋತುವಿರುವುದರಿಂದ, ಬಳಸುವುದಕ್ಕಾಗಿಯೇ ಕೊಳ್ಳುವವರ ವರ್ಗವೊಂದು ಅಲ್ಲಿ ಬತ್ತದೆ ಉಳಿದಿದೆ.

ಕಾನೂನಿನ ವಿಚಾರವನ್ನು ಹೇಳದೆ ಈ ವ್ಯಾಪಾರದ ಚಿತ್ರವು ಪೂರ್ಣವಾಗದು. ನಮ್ಮ ದೇಶದಲ್ಲಿ 1959ರ ಆಯುಧಗಳ ಅಧಿನಿಯಮದ ಪ್ರಕಾರ ಬಾಯಿಮದ್ದಿನ ಕೋವಿಯನ್ನಾದರೂ ಪರವಾನಗಿಯಿಲ್ಲದೆ ಮಾಡುವಂತಿಲ್ಲ, ಮಾರುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿದಂತೆ, ಕೋವಿಯನ್ನು ಹೊಂದಿರುವುದಕ್ಕೆ ಸಂಬಂಧಿಸಿದುದೇ ಹೊರತು ತಯಾರಿಕೆಗಲ್ಲ. ಅಮೆರಿಕದಲ್ಲಾದರೋ 1968ರ ಕೋವಿ ನಿಯಂತ್ರಣ ಕಾಯಿದೆಯು 1898 ಅಥವಾ ಅದಕ್ಕೂ ಮುಂಚಿನ ಕೋವಿಗಳನ್ನೂ, ತೋಟಾ ಬಳಸಲಾಗದ ಬಾಯಿಮದ್ದಿನ ಕೋವಿಗಳನ್ನೂ ಪುರಾತನವೆಂಬ ವರ್ಗದಲ್ಲಿಟ್ಟಿರುವುದರಿಂದ, ಕೇಂದ್ರದ ಪರವಾನಗಿಯಿಲ್ಲದೆ ಒಬ್ಬ ಹಳ್ಳಿಗನು ಅದನ್ನು ಮಾಡಿ ದೂರದ ಗಿರಾಕಿಗೆ ಕಳುಹಿಸಬಹುದಾಗಿದೆ. ಕೆಲವು ರಾಜ್ಯಗಳ ಕಾನೂನುಗಳು ಮಾತ್ರ ಇದಕ್ಕಿಂತ ಬಿಗಿಯಾಗಿವೆ. ಆದರೆ ತೆರಿಗೆಯು ಬಹುಕಾಲ ಕಾಡಿತು. ವನ್ಯಜೀವಿಗಳ ಸಂರಕ್ಷಣೆಗೆ ಹಣವನ್ನೊದಗಿಸುವ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಮೇರೆಗೆ ಉದ್ದಕೋವಿಗಳ ತಯಾರಕನು ಮಾರಾಟದ ಬೆಲೆಯಲ್ಲಿ ಶೇಕಡಾ 11ನ್ನು ತೆರಬೇಕಾಗಿದ್ದಿತು. ಸಾವಿರಾರು ಕೋವಿಗಳನ್ನು ಉರುಳಿಸುವ ಕಾರ್ಖಾನೆಗೂ ವರ್ಷಕ್ಕೆ ಐದಾರನ್ನು ಮಾಡುವ ಒಬ್ಬಂಟಿಗೂ ಅದೇ ದರ, ಅದೇ ಲೆಕ್ಕಪತ್ರ. 2005ರ ಅಕ್ಟೋಬರಿನಿಂದ, ವರ್ಷಕ್ಕೆ 50ಕ್ಕಿಂತ ಕಡಿಮೆ ಕೋವಿಗಳನ್ನು ತಯಾರಿಸುವವರಿಗೆ ಅದರಿಂದ ವಿನಾಯಿತಿಯು ದೊರೆಯಿತು. ಉದ್ದೇಶವು ಎಷ್ಟೇ ಉದಾತ್ತವಾಗಿದ್ದರೂ ಕರಕುಶಲಿಯನ್ನು ಕಾರ್ಖಾನೆಯ ಅಳತೆಗೋಲಿನಿಂದ ಅಳೆಯಬಾರದೆಂಬ ವಿವೇಕವನ್ನು ತೋರಿದ ಈ ತಿದ್ದುಪಡಿಯು, ನಮ್ಮಲ್ಲಿ ನೇಕಾರರ, ಬಡಗಿಗಳ ಮೇಲಿನ ತೆರಿಗೆಗಳನ್ನು ಗೊತ್ತುಮಾಡುವವರೂ ಗಮನಿಸತಕ್ಕದ್ದಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಗಣಕಯಂತ್ರದ ನಿಯಂತ್ರಣದಿಂದ ಕತ್ತರಿಸಿದ, ನಳಿಗೆಯೂ ಯಂತ್ರವೂ ಆಗಲೇ ಮರದಲ್ಲಿ ಬಿಗಿಯಾಗಿ ಕೂರುವಂತಿರುವ, ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳಬಹುದಾದ ಕೋವಿಯ ಭಾಗಗಳ ಕಟ್ಟುಗಳು ಬಂದಿವೆ. ಅವುಗಳ ಗುಣವು ಹಿಂದಣ ಕಟ್ಟುಗಳಂತೆ ಕಳಪೆಯಲ್ಲ; ಗೆರೆಗಳು ಹಳೆಯ ಮಾದರಿಗಳಿಗೆ ನಿಷ್ಠವಾಗಿವೆ. ಸಾದಾ ಕೋವಿಯನ್ನು ಮಾಡಿ ಸಾಧಾರಣ ಬೆಲೆಗೆ ಮಾರುತ್ತಿದ್ದ ಮಧ್ಯಮ ದರ್ಜೆಯ ಕೋವಿಗಾರನಿಗೆ ಇದರಿಂದ ಪೆಟ್ಟು ಬಿದ್ದಿರುವುದು ನಿಜ. ಅವನಿಗೆ ಈಗ ಉಳಿದಿರುವ ಮಾರ್ಗಗಳಲ್ಲಿ ಒಂದು, ಯಂತ್ರವು ಹೋಗಲಾರದೆಡೆಗೆ ಹೋಗುವುದು: ಒಬ್ಬನೇ ಗಿರಾಕಿಯ ತೋಳಿನ ಅಳತೆಗೆ ಹಿಡಿಯನ್ನು ಕಡೆಯುವುದು, ಯಾವ ಕಟ್ಟಿನಲ್ಲಿಯೂ ದೊರೆಯದ ಅಪರೂಪದ ಕೋವಿಗಾರನ ಮಾದರಿಯನ್ನು ಅಧ್ಯಯನಮಾಡಿ ಪುನಃಸೃಷ್ಟಿಸುವುದು. ಮತ್ತೊಂದು, ಕಟ್ಟನ್ನು ಕೊಂಡವರಿಗೆ ಕೆತ್ತನೆಯನ್ನೂ ಬಣ್ಣಗಾರಿಕೆಯನ್ನೂ ಹಣಕ್ಕೆ ಮಾಡಿಕೊಡುವುದು. ಮೂರನೆಯದು ಕಲಿಸುವುದು. ಕೆಂಟಕಿಯ ಬೌಲಿಂಗ್ ಗ್ರೀನಿನ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಷ್ಟ್ರೀಯ ಸಂಘವು ಬಹುಕಾಲ ನಡೆಸಿದ ಬೇಸಗೆಯ ಶಿಬಿರಗಳಲ್ಲಿ ಹೆಸರಾಂತ ಪ್ರವೀಣರು ವಿದ್ಯಾರ್ಥಿಗಳ ಬೆಂಚುಗಳ ನಡುವೆ ನಿಂತು ಪಾಠ ಹೇಳಿದ್ದಾರೆ. ಒಂದು ಕೋವಿಗೆ ಇನ್ನೂರು ಗಂಟೆಗಳನ್ನು ಕೊಟ್ಟು ಗಳಿಸಲಾರದ ಗೌರವಯುತವಾದ ಕೂಲಿಯನ್ನು, ಆ ಇನ್ನೂರು ಗಂಟೆಗಳಲ್ಲಿ ಕಲಿತುದನ್ನು ಕೆಲವೇ ದಿನಗಳಲ್ಲಿ ತೋರಿಸಿಕೊಟ್ಟು ಗಳಿಸುವ ದಾರಿಯು ಪಳಗಿದ ಕೋವಿಗಾರನಿಗೆ ತೆರೆದಿದೆ. ಅವನ ಬೆಂಚಿನ ಸುತ್ತ ನಿಂತು ಕಲಿತ ತರುಣರೇ ಮುಂದೆ ಬೇರೊಬ್ಬರ ಕೋವಿಯನ್ನು ಕೈಗೆತ್ತಿಕೊಂಡಾಗ, ನಳಿಗೆಯ ಪಕ್ಕದ ಮರವನ್ನು ಬೆರಳಿನಿಂದ ಸವರಿ ನೋಡಿ, ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಹಣವನ್ನೆಣಿಸುತ್ತಾರೆ.